ಮಾಲೀಕರು "ಬಳಸಿಕೊಳ್ಳಿ" ಅಂದರೆ ಸಾಕೇ? ಹಳೇ ಸಾಫ್ಟ್‌ವೇರ್‌ಗೆ ಅನುಮತಿ ಪತ್ರ ಬರೆಸುವ ಬಗೆ

ಎಂಟುಬಿಟ್ಟು:
ಸಿಪಿ/ಎಂ (ಡಾಸ್‌ಗೂ ಮುಂಚಿನ ಆಪರೇಟಿಂಗ್ ಸಿಸ್ಟಂ) ಕಾಲದ ಒಂದು ಡೇಟಾಬೇಸ್ ಪ್ಯಾಕೇಜಿನ ವಿಚಾರ. ಮೊದಲ ಆವೃತ್ತಿ 1983ರದ್ದು, ಆಮೇಲೆ ಡಾಸ್‌ಗೂ ಬಂತು. ಬರೆದ ಕಂಪನಿ ಮುಚ್ಚಿ ಎಷ್ಟೋ ಕಾಲವಾಯ್ತು. ಹಕ್ಕು ಎರಡು ಕೈ ದಾಟಿ ಈಗ ಒಂದು ಸಣ್ಣ ಸಂಸ್ಥೆಯ ಹತ್ತಿರ ಇದೆ. ಕೇಳಿದ್ದಕ್ಕೆ ಅವರಿಂದ ಬಂದ ಉತ್ತರ ಒಂದೇ ಸಾಲು: "ಹವ್ಯಾಸಿಗಳು ಬಳಸಿಕೊಳ್ಳಲಿ, ನಮ್ಮದೇನೂ ಅಭ್ಯಂತರವಿಲ್ಲ." ಇಷ್ಟರ ಮೇಲೆ ಡಿಸ್ಕ್ ಇಮೇಜ್‌ಗಳನ್ನು (ಇಡೀ ಡಿಸ್ಕಿನ ನಕಲು ಫೈಲುಗಳು) ಎಲ್ಲರೂ ಇಳಿಸಿಕೊಳ್ಳುವಂತೆ ಇಡಬಹುದಾ? ಇನ್ನೂ ಗಟ್ಟಿಯಾದ ಪತ್ರ ಬೇಕು ಅಂದರೆ ಅದರಲ್ಲಿ ಏನೇನಿರಬೇಕು? ಮ್ಯಾನ್ಯುವಲ್ ಪೂರ್ತಿ ಇದೆ, ಸೋರ್ಸ್ (ಪ್ರೋಗ್ರಾಮರ್ ಬರೆದ ಮೂಲ ಕೋಡ್) ಅರ್ಧ ಮಾತ್ರ ಸಿಕ್ಕಿದೆ.

ಹಕ್ಕುಪತ್ರ:
ಈಗಲೇ ಇಡಬೇಡಿ. ಆ ಸಾಲಿನಲ್ಲಿ ಸಿಕ್ಕಿರುವುದು ಬಳಸುವ ಅನುಮತಿ ಮಾತ್ರ. ಪ್ರತಿ ಮಾಡುವುದು, ಹಂಚುವುದು, ತಿದ್ದುವುದು, ತಿದ್ದಿದ್ದನ್ನು ಹಂಚುವುದು, ಇವೆಲ್ಲ ಕಾಪಿರೈಟಿನಲ್ಲಿ ಬೇರೆ ಬೇರೆ ಹಕ್ಕುಗಳು. ಒಂದನ್ನು ಕೊಟ್ಟ ಮಾತ್ರಕ್ಕೆ ಇನ್ನೊಂದು ಜೊತೆಗೆ ಬರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು, ಅನುಮತಿ ಯಾರಿಗೆ ಅನ್ನುವುದು.

ಇದಕ್ಕೆ ಸಿಪಿ/ಎಂ ಕಥೆಗಿಂತ ಒಳ್ಳೆಯ ಪಾಠ ಇಲ್ಲ. ಸಿಪಿ/ಎಂ ಮಾಡಿದ ಡಿಜಿಟಲ್ ರಿಸರ್ಚ್ ಕಂಪನಿಯನ್ನು 1991ರಲ್ಲಿ ನೋವೆಲ್ ಕೊಂಡಿತು. 1996ರಲ್ಲಿ ಆ ಆಸ್ತಿ ಕಾಲ್ಡೆರಾಕ್ಕೆ ಹೋಯಿತು, ಅಲ್ಲಿಂದ ಲಿನಿಯೋಗೆ. 2001ರಲ್ಲಿ ಲಿನಿಯೋ ಕಡೆಯಿಂದ ಅನುಮತಿ ಬಂತು: ಬಳಸಿ, ಹಂಚಿ, ತಿದ್ದಿ, ಉತ್ತಮಪಡಿಸಿ, ಎಲ್ಲವೂ ಇತ್ತು. ಆದರೆ ಅದೇ ವಾಕ್ಯದಲ್ಲಿ "ಅನಫಿಷಿಯಲ್ ಸಿಪಿ/ಎಂ ವೆಬ್‌ಸೈಟ್" ಅನ್ನುವ ಒಂದು ತಾಣದ ಹೆಸರೂ ಸೇರಿಕೊಂಡಿತ್ತು. ಆ ತಾಣದ ಭಾಗವಾಗಿ ಹಂಚಬಹುದು, ಸರಿ. ಬೇರೆಯವರು ತಮ್ಮ ಕಂಪ್ಯೂಟರ್ ಕಿಟ್ ಜೊತೆ, ಎಮ್ಯುಲೇಟರ್ (ಹಳೇ ಯಂತ್ರವನ್ನು ಅನುಕರಿಸುವ ಪ್ರೋಗ್ರಾಂ) ಜೊತೆ ಕೊಡಬಹುದಾ? ವಾಕ್ಯವನ್ನು ಹೀಗೂ ಓದಬಹುದಿತ್ತು, ಹಾಗೂ ಓದಬಹುದಿತ್ತು. ಡಿಆರ್‌ಡಾಸ್ ಇಂಕ್ (ಹಕ್ಕಿನ ಮುಂದಿನ ಮಾಲೀಕರು) ಹೆಸರಿನಲ್ಲಿ, ಅನುಮತಿ ಆ ತಾಣಕ್ಕಷ್ಟೇ ಸೀಮಿತವಲ್ಲ ಎಂಬ ಸ್ಪಷ್ಟೀಕರಣ ಬಂದಿದ್ದು 2022ರಲ್ಲಿ. ಅಲ್ಲಿಯವರೆಗೆ, 21 ವರ್ಷ, ಜಗತ್ತಿನ ಎಷ್ಟೋ ಝಡ್80 (ಸಿಪಿ/ಎಂ ಓಡಿಸುವ ಪ್ರೊಸೆಸರ್) ಕಿಟ್‌ಗಳು ಒಂದು ಸಂದೇಹದ ಮೇಲೆ ನಿಂತಿದ್ದವು. ಕೊಟ್ಟವರ ಮನಸ್ಸಿನಲ್ಲಿ ಯಾವ ತಕರಾರೂ ಇರಲಿಲ್ಲ. ಬರೆದ ವಾಕ್ಯದಲ್ಲಿ ಇತ್ತು ಅಷ್ಟೆ.

ನಿಮ್ಮ ಪತ್ರದಲ್ಲಿ ಗುಂಪಿನ ಹೆಸರು, ತಾಣದ ಹೆಸರು ಬರುವುದೇ ಬೇಡ. "ಈ ಸಾಫ್ಟ್‌ವೇರಿನ ಪ್ರತಿ ಪಡೆದ ಯಾವುದೇ ವ್ಯಕ್ತಿಗೆ" ಎಂದು ಬರೆಸಿ.

ಟೇಪ್‌ಸುರುಳಿ:
ಕಂಪನಿಯೇ ಇಲ್ಲ, ಅಂಗಡಿಯಲ್ಲೂ ಸಿಗಲ್ಲ. ಇದು ಅಬಾಂಡನ್‌ವೇರ್ (ಮಾಲೀಕರು ಕೈಬಿಟ್ಟ ಸಾಫ್ಟ್‌ವೇರ್) ಅಲ್ಲವಾ? ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ?

ಹಕ್ಕುಪತ್ರ:
ಆ ಹೆಸರಿನ ವರ್ಗ ಕಾನೂನಿನಲ್ಲಿ ಇಲ್ಲ. ಅಮೆರಿಕದ ಲೆಕ್ಕದಲ್ಲಿ ಕಂಪನಿಯ ಕೆಲಸವಾಗಿ ಬರೆದದ್ದಕ್ಕೆ ಪ್ರಕಟವಾದಾಗಿನಿಂದ 95 ವರ್ಷ. 1983ರ ಪ್ಯಾಕೇಜಿಗೆ 2078ರ ಕೊನೆಯವರೆಗೂ ರಕ್ಷಣೆ ಇದೆ. ಕಂಪನಿ ಮುಚ್ಚಿದರೆ ಹಕ್ಕು ಮುಚ್ಚುವುದಿಲ್ಲ, ಯಾರದೋ ಆಸ್ತಿಪಟ್ಟಿಗೆ ಸೇರುತ್ತದೆ. ಒಂದು ಸಂದು ಮಾತ್ರ ಇದೆ: 1989ರ ಮಾರ್ಚ್ 1ಕ್ಕೆ ಮೊದಲು ಕಾಪಿರೈಟ್ ಸೂಚನೆಯೇ ಇಲ್ಲದೆ ಅಮೆರಿಕದಲ್ಲಿ ಪ್ರಕಟವಾದವು ಅಲ್ಲಿ ರಕ್ಷಣೆ ಕಳೆದುಕೊಂಡಿರಬಹುದು. ಆದರೆ 1978ರ ನಂತರದವನ್ನು ಐದು ವರ್ಷದೊಳಗೆ ನೋಂದಾಯಿಸಿ ಸರಿಪಡಿಸಿಕೊಳ್ಳುವ ಅವಕಾಶವೂ ಇತ್ತು. ಅದನ್ನು ನಂಬಿ ಹೊರಡುವುದು ಬೇಡ. ಒಪ್ಪುವ ಮಾಲೀಕರೇ ಸಿಕ್ಕಿರುವಾಗ ಸಂದಿಯಲ್ಲಿ ನುಗ್ಗುವುದು ಯಾಕೆ?

ಬೂಟ್‌ಸೆಕ್ಟರ್:
ಒಪ್ಪುವವರು ನಿಜವಾಗಿ ಮಾಲೀಕರಾ ಅನ್ನುವುದು ಅದಕ್ಕೂ ಮುಂಚಿನ ಪ್ರಶ್ನೆ. ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಆಗಿದ್ದು ಗೊತ್ತಲ್ಲ. 2002ರ ಜನವರಿಯಲ್ಲಿ ಕಾಲ್ಡೆರಾ 1ರಿಂದ 7ನೇ ಆವೃತ್ತಿಯವರೆಗಿನ ರಿಸರ್ಚ್ ಯುನಿಕ್ಸ್ ಮತ್ತು 32ವಿಯನ್ನು ಬಿಎಸ್‌ಡಿ ಮಾದರಿಯ (ಯಾರಾದರೂ ತಿದ್ದಿ ಹಂಚಬಹುದಾದ) ಲೈಸೆನ್ಸಿನಲ್ಲಿ ಬಿಟ್ಟಿತು. ಮುಂದಿನ ಆವೃತ್ತಿಗಳಾದ ಸಿಸ್ಟಂ ತ್ರೀ ಮತ್ತು ಸಿಸ್ಟಂ ಫೈವ್ ಇದಕ್ಕೆ ಸೇರಿಲ್ಲ ಎಂದು ಪತ್ರದಲ್ಲೇ ಬರೆದಿತ್ತು, ಅಷ್ಟು ಅಚ್ಚುಕಟ್ಟು. ಆಮೇಲೆ ಎಸ್‌ಸಿಒ (ಕಾಲ್ಡೆರಾ ಮುಂದೆ ಇಟ್ಟುಕೊಂಡ ಹೆಸರು) ಮತ್ತು ನೋವೆಲ್ ನಡುವಿನ ಮೊಕದ್ದಮೆಯಲ್ಲಿ 2010ರಲ್ಲಿ ಜ್ಯೂರಿ ಹೇಳಿದ್ದು: ಯುನಿಕ್ಸ್ ಕಾಪಿರೈಟು ನೋವೆಲ್‌ನಿಂದ ಕೈ ಬದಲಾಗಿಯೇ ಇಲ್ಲ. ಹಾಗಾದರೆ 2002ರ ಪತ್ರದ ಬೆಲೆ ಏನು? ಇವತ್ತಿಗೂ ಅದನ್ನು ಯಾರೂ ಕೆದಕಲು ಹೋಗಿಲ್ಲ, ಎಲ್ಲರೂ ಬಳಸುತ್ತಿದ್ದಾರೆ. ಆದರೆ ಮನೆ ತನ್ನದಾಗುವ ಮೊದಲೇ ಕೊಳ್ಳಲು ಬಂದವನು ಬಾಡಿಗೆ ಕರಾರು ಬರೆದುಕೊಟ್ಟ ಹಾಗೆ ಆಗುವ ಸಾಧ್ಯತೆ ಇದ್ದೇ ಇರುತ್ತದೆ.

ಎರಡು ಕೈ ದಾಟಿದೆ ಅಂದಿರಿ. ಎರಡೂ ಸಲದ ಕ್ರಯಪತ್ರದಲ್ಲಿ ಆಸ್ತಿಪಟ್ಟಿ ಅಂತ ಒಂದು ಅನುಬಂಧ ಇರುತ್ತದೆ. ಆ ಪುಟ ಮಾತ್ರ ಕೇಳಿ. ಪೂರ್ತಿ ಒಪ್ಪಂದ ಕೇಳಿದರೆ ಬೆಲೆ ಗಿಲೆ ಇರುತ್ತದೆ ಅಂತ ಹಿಂಜರಿಯುತ್ತಾರೆ. ಆ ಪುಟದಲ್ಲಿ ಈ ಉತ್ಪನ್ನದ ಹೆಸರಿದೆಯಾ, ಕೊಟ್ಟಿದ್ದು ಕಾಪಿರೈಟಾ ಅಥವಾ ಬರೀ ಮಾರಾಟದ ಹಕ್ಕಾ, ಎರಡನ್ನೂ ನೋಡಿ. ಅಮೆರಿಕದಲ್ಲಿ ಕಾಪಿರೈಟ್ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಲೇಬೇಕು, ಬಾಯಿಮಾತು ನಡೆಯದು. 1978ರಿಂದೀಚಿನ ನೋಂದಣಿ ದಾಖಲೆಗಳನ್ನು ಅಲ್ಲಿನ ಕಾಪಿರೈಟ್ ಕಚೇರಿಯ ತಾಣದಲ್ಲೇ ಹುಡುಕಬಹುದು. ಉತ್ಪನ್ನದ ಹೆಸರು, ಮೊದಲ ಕಂಪನಿಯ ಹೆಸರು, ಮ್ಯಾನ್ಯುವಲ್ ಶೀರ್ಷಿಕೆ, ಮೂರರಲ್ಲೂ ಹುಡುಕಿ. ಪ್ರೋಗ್ರಾಂ ಒಂದು ಹೆಸರಲ್ಲಿ, ಮ್ಯಾನ್ಯುವಲ್ ಇನ್ನೊಂದು ಹೆಸರಲ್ಲಿ ನೋಂದಣಿಯಾಗಿರುವುದುಂಟು.

ಇನ್ನೊಂದು ಸಂಗತಿ. ಆ ಕಾಲದಲ್ಲಿ ಹೊರಗಿನ ಪ್ರೋಗ್ರಾಮರ್ ರಾಯಲ್ಟಿ ಮೇಲೆ ಬರೆದು, ಕಂಪನಿ ಬರೀ ಪ್ರಕಾಶಕ ಆಗಿರುವುದು ಮಾಮೂಲಿ. ಆಟಗಳಲ್ಲಂತೂ ಇದೇ ಹೆಚ್ಚು. ಸ್ಟಾರ್ಟಪ್ ಪರದೆಯಲ್ಲಿ ಕಾಪಿರೈಟ್ ಯಾರ ಹೆಸರಲ್ಲಿದೆ ನೋಡಿ. ವ್ಯಕ್ತಿಯ ಹೆಸರಿದ್ದರೆ ಮೊದಲು ಅವರನ್ನು ಹುಡುಕಬೇಕು.

ಎಂಟುಬಿಟ್ಟು:
ಪರದೆಯಲ್ಲಿ ಕಂಪನಿಯ ಹೆಸರೇ ಇದೆ. ಆಸ್ತಿಪಟ್ಟಿ ಪುಟ ಕೇಳುತ್ತೇನೆ. ಅದರಲ್ಲೂ ಮಸುಕು ಮಸುಕಾಗಿದ್ದರೆ?

ಬೂಟ್‌ಸೆಕ್ಟರ್:
"ಈ ಸಾಫ್ಟ್‌ವೇರಿನಲ್ಲಿ ನಮಗಿರುವ ಎಲ್ಲ ಹಕ್ಕುಗಳ ಮಟ್ಟಿಗೆ" ಅಂತ ಒಂದು ಮಾತು ಸೇರಿಸಿ. ಪೂರ್ತಿ ಮಾಲೀಕರು ನಾವೇ ಎಂದು ಪ್ರಮಾಣ ಮಾಡಲು ಅವರ ವಕೀಲರು ಬಿಡುವುದಿಲ್ಲ, ಇದಕ್ಕಾದರೆ ಸಹಿ ಹಾಕುತ್ತಾರೆ. ನಮಗೂ ಸಾಕು: ಕೊನೇ ಪಕ್ಷ ಇವರು ಮುಂದೆ ತಕರಾರು ತೆಗೆಯುವಂತಿಲ್ಲ.

ಅಸೆಂಬ್ಲರ್ ಅಕ್ಕ:
ಇವರ ಹಕ್ಕು ಸರಿ ಅಂದುಕೊಂಡರೂ ಡಿಸ್ಕಿನಲ್ಲಿರುವುದೆಲ್ಲ ಇವರದ್ದಲ್ಲ. ಐಡಿ ಸಾಫ್ಟ್‌ವೇರ್ ಮಾಡಿದ ಡೂಮ್ ಆಟದ ಸೋರ್ಸ್ 1997ರ ಡಿಸೆಂಬರ್‌ನಲ್ಲಿ ಹೊರಬಂದಾಗ ಡಾಸ್ ಬದಲು ಲಿನಕ್ಸ್ ಆವೃತ್ತಿ ಕೊಟ್ಟಿದ್ದು ಯಾಕೆ? ಡಾಸ್ ಆವೃತ್ತಿಯ ಧ್ವನಿ ಲೈಬ್ರರಿ ಡಿಎಂಎಕ್ಸ್ ಬೇರೆಯವರದ್ದು. ಅದನ್ನು ಕೊಡುವ ಹಕ್ಕು ಐಡಿ ಸಾಫ್ಟ್‌ವೇರ್‌ಗೆ ಇರಲಿಲ್ಲ.

ಸಿಪಿ/ಎಂ ಡಿಸ್ಕಿನಲ್ಲಿ ಈ ಸಮಸ್ಯೆ ಫೈಲ್ ಪಟ್ಟಿಯಲ್ಲಿ ಕಾಣುವುದೇ ಇಲ್ಲ, ಅದಕ್ಕೇ ಹೆಚ್ಚು ಜನ ಎಡವುವುದು. ಮಾಮೂಲಿ 8 ಇಂಚಿನ ಸಿಂಗಲ್ ಡೆನ್ಸಿಟಿ ಡಿಸ್ಕಿನಲ್ಲಿ 77 ಟ್ರ್ಯಾಕು, ಟ್ರ್ಯಾಕಿಗೆ 26 ಸೆಕ್ಟರು, ಸೆಕ್ಟರಿಗೆ 128 ಬೈಟು. ಮೊದಲ ಎರಡು ಟ್ರ್ಯಾಕ್ ಸಿಸ್ಟಮ್ಮಿಗೆ ಮೀಸಲು. ಆ 52 ಸೆಕ್ಟರಿನಲ್ಲಿ ಬೂಟ್ ಲೋಡರ್, ಸಿಸಿಪಿ (ಕಮಾಂಡ್ ಓದುವ ಭಾಗ), ಬಿಡಾಸ್ (ಫೈಲು ನೋಡಿಕೊಳ್ಳುವ ಭಾಗ), ಬಯೋಸ್ (ಯಂತ್ರದ ಜೊತೆ ಮಾತಾಡುವ ಭಾಗ) ಕೂತಿರುತ್ತವೆ. ಸಿಸಿಪಿ ಮತ್ತು ಬಿಡಾಸ್ ಡಿಜಿಟಲ್ ರಿಸರ್ಚಿನದ್ದು, 2022ರ ಸ್ಪಷ್ಟೀಕರಣದ ಅಡಿ ಬರುತ್ತವೆ. ಬಯೋಸ್ ಮಾತ್ರ ಆಯಾ ಯಂತ್ರ ಮಾಡಿದವರು ಬರೆದದ್ದು. ಅದಕ್ಕೆ ಡೇಟಾಬೇಸ್ ಮಾಲೀಕರ ಪತ್ರವೂ ಇಲ್ಲ, ಸಿಪಿ/ಎಂ ಪತ್ರವೂ ಇಲ್ಲ. ಪರಿಹಾರ ಸರಳ: ಸಿಸ್ಟಂ ಟ್ರ್ಯಾಕ್‌ಗಳನ್ನು ಹೆಕ್ಸ್ ಇ5ರಿಂದ (ಖಾಲಿ ಡಿಸ್ಕಿನಲ್ಲಿ ಇರುವ ಬೈಟು) ತುಂಬಿದ, ಬೂಟ್ ಆಗದ ಇಮೇಜ್ ಹಂಚಿ. ಬಳಸುವವರು ತಮ್ಮ ಯಂತ್ರದ ಸಿಸ್ಟಮ್ಮನ್ನು ತಾವೇ ಹಾಕಿಕೊಳ್ಳಲಿ.

ಎರಡನೆಯದು ರನ್‌ಟೈಮ್, ಅಂದರೆ ಕಂಪೈಲರ್ ಪ್ರೋಗ್ರಾಮಿಗೆ ಸೇರಿಸುವ ತನ್ನದೇ ಕೋಡ್. ಪ್ಯಾಕೇಜನ್ನು ಯಾವ ಕಂಪೈಲರಿನಲ್ಲಿ ಕಟ್ಟಿದ್ದಾರೆ ನೋಡಿ. ಬಿಡಿಎಸ್ ಸಿ ಆಗಿದ್ದರೆ ನಿಶ್ಚಿಂತೆ, ಅದರ ಕರ್ತೃವೇ 2002ರಲ್ಲಿ ಸಾರ್ವಜನಿಕ ಸ್ವತ್ತಾಗಿ ಬಿಟ್ಟಿದ್ದಾರೆ. ಬೇಸಿಕ್ ಕಂಪೈಲರ್ ಆಗಿದ್ದು, ರನ್‌ಟೈಮ್ ಪ್ರತ್ಯೇಕ ಫೈಲ್ ಆಗಿ ಡಿಸ್ಕಿನಲ್ಲಿದ್ದರೆ ಅದನ್ನು ಪಟ್ಟಿಯಲ್ಲಿ ಬೇರೆ ಸಾಲಾಗಿ ಬರೆಯಿರಿ. ಬೈನರಿಯನ್ನು (ಕಂಪೈಲ್ ಆದ ಪ್ರೋಗ್ರಾಂ ಫೈಲ್) ಅಕ್ಷರಗಳಿಗಾಗಿ ಜಾಲಾಡಿದರೆ ಕಂಪೈಲರಿನ ಕಾಪಿರೈಟ್ ಸಾಲು ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ.

ಟೇಪ್‌ಸುರುಳಿ:
ಸರಿ, ಅಬಾಂಡನ್‌ವೇರ್ ಮಾತು ವಾಪಸ್. ಆದರೆ ಪತ್ರವನ್ನು ಸ್ವಂತವಾಗಿ ಬರೆಯುವ ಬದಲು ನೇರ ಎಂಐಟಿ ಲೈಸೆನ್ಸ್ (ಬಳಸಿ, ತಿದ್ದಿ, ಹಂಚಿ, ಮಾರಿ ಅನ್ನುವ ಸಿದ್ಧ ಅನುಮತಿ) ಕೇಳಿ. ಎಂಎಸ್-ಡಾಸ್ 1.25 ಮತ್ತು 2.0 ಮೊದಲು 2014ರಲ್ಲಿ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಮೂಲಕ ಬಂದವು. ಲೈಸೆನ್ಸ್ ವಾಣಿಜ್ಯೇತರ ಬಳಕೆಗೆ ಮಾತ್ರ, ಮತ್ತೆ ಹಂಚುವಂತಿಲ್ಲ. ನೋಡಿ ಖುಷಿಪಡಬಹುದಿತ್ತು, ಅಷ್ಟೆ. 2018ರಲ್ಲಿ ಅದೇ ಕೋಡ್ ಎಂಐಟಿ ಅಡಿ ಬಂತು, 2020ರಲ್ಲಿ ಜಿಡಬ್ಲ್ಯು-ಬೇಸಿಕ್, 2024ರಲ್ಲಿ ಡಾಸ್ 4.00, ಎಲ್ಲ ಎಂಐಟಿ. ಮೂರು ಪ್ಯಾರಾ ಪಠ್ಯ, ಎಲ್ಲರಿಗೂ ಗೊತ್ತು, ಎಸ್‌ಪಿಡಿಎಕ್ಸ್ ಅನ್ನುವ ಲೈಸೆನ್ಸ್ ಪಟ್ಟಿಯಲ್ಲಿ ಇದೆ, ಸಂಗ್ರಹಾಗಾರಗಳು ಯಾರನ್ನೂ ಕೇಳದೆ ಸೇರಿಸಿಕೊಳ್ಳುತ್ತವೆ. ಬೇಕಿದ್ದರೆ ಜಿಪಿಎಲ್ಲೂ ಆಗಬಹುದು.

ಅಸೆಂಬ್ಲರ್ ಅಕ್ಕ:
ಜಿಪಿಎಲ್ ಇಲ್ಲಿ ಬೇಡ. ಸೋರ್ಸ್ ಅರ್ಧವೇ ಇರುವುದು. ಮಾಲೀಕರಿಗೆ ಜಿಪಿಎಲ್ ಹಾಕಲು ಅಡ್ಡಿ ಇಲ್ಲ, ಆದರೆ ಬೈನರಿ ಹಂಚುವ ಪ್ರತಿಯೊಬ್ಬರೂ ಅದಕ್ಕೆ ಸರಿಹೊಂದುವ ಪೂರ್ತಿ ಸೋರ್ಸ್ ಕೊಡಬೇಕು. ಇಲ್ಲದ್ದನ್ನು ಎಲ್ಲಿಂದ ತರುತ್ತಾರೆ? ಹಂಚಿದ ಕೂಡಲೇ ಲೈಸೆನ್ಸ್ ಮುರಿದಂತೆ. ಬೈನರಿ ಒಂದೇ ಇದ್ದಾಗ ಎಂಐಟಿ ಅಥವಾ ಎರಡು ಷರತ್ತಿನ ಬಿಎಸ್‌ಡಿ ಸರಿಹೋಗುತ್ತದೆ, ಅವು ಸೋರ್ಸ್ ಕೇಳುವುದಿಲ್ಲ. ಕ್ರಿಯೇಟಿವ್ ಕಾಮನ್ಸ್ ಸಾಫ್ಟ್‌ವೇರ್‌ಗೆ ಬೇಡ ಎಂದು ಅವರೇ ಹೇಳುತ್ತಾರೆ. ಮ್ಯಾನ್ಯುವಲ್‌ಗೆ ಮಾತ್ರ ಅವರ ಸಿಸಿ ಬಿವೈ 4.0 (ಹೆಸರು ಹೇಳಿ ಬಳಸಬಹುದು) ಹಾಕಿಸಿ. ಮ್ಯಾನ್ಯುವಲ್ ಮುಖಪುಟದ ಫೋಟೋ ಬೇರೆಯವರದ್ದಾಗಿದ್ದರೆ ಅದನ್ನು ತೆಗೆದು ಸ್ಕ್ಯಾನ್ ಕೊಡಿ.

ಹಕ್ಕುಪತ್ರ:
ಎಂಐಟಿ ಸಿಕ್ಕರೆ ಅದೇ ಮೇಲು, ಒಪ್ಪಿದೆ. ಆದರೆ ಸಣ್ಣ ಸಂಸ್ಥೆಗಳು "ಯಾರೋ ಡಬ್ಬಿಯಲ್ಲಿ ಹಾಕಿ ಮಾರಿಬಿಟ್ಟರೆ?" ಅನ್ನುವಲ್ಲಿಗೆ ಬಂದು ನಿಲ್ಲುತ್ತವೆ. ಆಗ ವಾಣಿಜ್ಯೇತರ ಷರತ್ತಿಗೆ ಒಪ್ಪಬೇಕಾಗುತ್ತದೆ. ಒಪ್ಪುವುದಾದರೆ ಆ ಪದವನ್ನು ಬರಿದಾಗಿ ಬಿಡಬೇಡಿ. ಟಿಕೆಟ್ ಇಡುವ ಮ್ಯೂಸಿಯಂ ವಾಣಿಜ್ಯವಾ? ಕಿಟ್ ಮಾರುವವರು ಜೊತೆಗೆ ಎಸ್‌ಡಿ ಕಾರ್ಡಿನಲ್ಲಿ ಇದನ್ನು ಹಾಕಿಕೊಟ್ಟರೆ? ಜಾಹೀರಾತು ಇರುವ ವಿಡಿಯೋದಲ್ಲಿ ತೋರಿಸಿದರೆ? ಡಿಸ್ಕಿನ ಖರ್ಚು ತೆಗೆದುಕೊಂಡರೆ? ಈ ನಾಲ್ಕನ್ನೂ ಹೆಸರಿಟ್ಟು "ಅನುಮತಿ ಇದೆ" ಎಂದು ಬರೆಸಿ. ಮಾಲೀಕರಿಗೆ ನಿಜವಾಗಿ ಬೇಡವಾಗಿರುವುದು ಒಂದೇ: ಈ ಸಾಫ್ಟ್‌ವೇರನ್ನೇ ಸರಕಾಗಿ ಮಾರುವುದು. ಅದನ್ನು ಮಾತ್ರ ನಿಷೇಧಿಸಲಿ.

ಆಮ್‌ಸ್ಟ್ರಾಡ್ 1999ರಲ್ಲಿ ಸ್ಪೆಕ್ಟ್ರಂ ಕಂಪ್ಯೂಟರಿನ ರೀಡ್ ಓನ್ಲಿ ಮೆಮರಿ ಇಮೇಜ್‌ಗಳ ವಿಷಯದಲ್ಲಿ ಹೇಳಿದ್ದು ಹೆಚ್ಚುಕಡಿಮೆ ಹೀಗೆಯೇ ಇತ್ತು: ಎಮ್ಯುಲೇಟರ್ ಜೊತೆ ಕೊಡಿ, ಒಳಗಿನ ಕಾಪಿರೈಟ್ ಸಾಲು ಬದಲಿಸಬೇಡಿ, ಹಕ್ಕು ನಮ್ಮದೇ ಅಂತ ಒಂದು ಟಿಪ್ಪಣಿ ಹಾಕಿ. ಚಿಕ್ಕ ಹೇಳಿಕೆ, ಆದರೆ ಬರೆದವರಿಗೆ ಎಮ್ಯುಲೇಟರ್ ಅಂದರೇನು ಗೊತ್ತಿತ್ತು. ಇದಕ್ಕೆ ವಿರುದ್ಧ ಮಾದರಿ ಬೋರ್ಲ್ಯಾಂಡಿನ ಹಳೇ ಟರ್ಬೊ ಪ್ಯಾಸ್ಕಲ್, ಟರ್ಬೊ ಸಿ. ಅವರ ತಾಣದಿಂದ ಪುಕ್ಕಟೆ ಇಳಿಸಿಕೊಳ್ಳಬಹುದಿತ್ತು, ಬೇರೆಡೆ ಇಡುವಂತಿರಲಿಲ್ಲ. ಅಂಥ ಅನುಮತಿಯ ಆಯುಸ್ಸು ಆ ಒಂದು ಪುಟ ಇರುವಷ್ಟೇ.

ಬೂಟ್‌ಸೆಕ್ಟರ್:
ಅವಧಿ ಹಾಕಿದ ಲೈಸೆನ್ಸ್ ಇನ್ನೂ ಕೆಟ್ಟದ್ದು. ಓಪನ್‌ವಿಎಂಎಸ್ ಆಪರೇಟಿಂಗ್ ಸಿಸ್ಟಮ್ಮಿನ ಹವ್ಯಾಸಿ ಲೈಸೆನ್ಸ್ ನೆನಪಿಸಿಕೊಳ್ಳಿ. ವರ್ಷಕ್ಕೊಮ್ಮೆ ಹೊಸ ಕೀ ಹಾಕಬೇಕಿತ್ತು. ಅದನ್ನು ಕೊಡುತ್ತಿದ್ದ ಎಚ್‌ಪಿಇ ಕಂಪನಿ 2020ರಲ್ಲಿ ಕೊಡುವುದನ್ನು ನಿಲ್ಲಿಸಿತು, ಕೊಟ್ಟ ಕೊನೆಯ ಕೀಗಳು 2021ರ ಕೊನೆಗೆ ಮುಗಿದವು. ಸಿಸ್ಟಮ್ಮನ್ನು ಮುಂದುವರಿಸಿದ ವಿಎಸ್‌ಐ ಕಂಪನಿ ಶುರು ಮಾಡಿದ ಸಮುದಾಯ ಲೈಸೆನ್ಸಿನಲ್ಲಿ ಹಳೇ ವ್ಯಾಕ್ಸ್ ಯಂತ್ರಗಳಿಗೆ ಜಾಗ ಇರಲಿಲ್ಲ. ಯಂತ್ರ ಸರಿಯಿದೆ, ಡಿಸ್ಕ್ ಸರಿಯಿದೆ, ಕೀ ಇಲ್ಲ. "ಶಾಶ್ವತ, ಹಿಂತೆಗೆದುಕೊಳ್ಳಲಾಗದ" ಅನ್ನುವ ಎರಡು ಪದಗಳನ್ನು ಯಾವ ಕಾರಣಕ್ಕೂ ಬಿಡಬೇಡಿ. "ನಮ್ಮ ಹಕ್ಕನ್ನು ಮುಂದೆ ಪಡೆಯುವವರಿಗೂ ಇದು ಅನ್ವಯ" ಎಂದೂ ಸೇರಿಸಿ. ಸಣ್ಣ ಸಂಸ್ಥೆ ನಾಳೆ ಇನ್ನೊಬ್ಬರಿಗೆ ಮಾರಾಟವಾದರೆ ಆಮೇಲೆ ಮತ್ತೆ ಮೊದಲಿನಿಂದ ಶುರು ಆಗಬಾರದು.

ಎಂಟುಬಿಟ್ಟು:
ಒಂದು ಮರೆತಿದ್ದೆ: ಇನ್‌ಸ್ಟಾಲ್ ಮಾಡುವಾಗ ಸೀರಿಯಲ್ ನಂಬರ್ ಕೇಳುತ್ತದೆ. ಡಾಸ್ ಆವೃತ್ತಿಗೆ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ (ಅದಿಲ್ಲದೆ ಪ್ರೋಗ್ರಾಂ ಓಡದು) ಬೇರೆ.

ಹಕ್ಕುಪತ್ರ:
ಪತ್ರದಲ್ಲಿ ಅದಕ್ಕೇ ಒಂದು ವಾಕ್ಯ ಬೇಕು. ಪ್ರತಿ ಮಾಡುವ ಹಕ್ಕು ಕೊಟ್ಟರೂ ರಕ್ಷಣೆ ಮುರಿಯುವುದು ಹಲವು ದೇಶಗಳಲ್ಲಿ ಬೇರೆಯೇ ಅಪರಾಧ. "ಸೀರಿಯಲ್ ನಂಬರ್ ಪ್ರಕಟಿಸಲು, ಡಾಂಗಲ್ ಪರೀಕ್ಷೆಯನ್ನು ತೆಗೆದುಹಾಕಲು ಮತ್ತು ಹಾಗೆ ತಿದ್ದಿದ ಪ್ರತಿಯನ್ನು ಹಂಚಲು ಅನುಮತಿ ಇದೆ" ಎಂದಿರಲಿ. ಮಾಲೀಕರ ಹತ್ತಿರ ಸಾಮಾನ್ಯ ಸೀರಿಯಲ್ ಒಂದಿದ್ದರೆ ಅದನ್ನೇ ಪತ್ರದಲ್ಲಿ ಬರೆದುಬಿಡಲಿ.

ಅಸೆಂಬ್ಲರ್ ಅಕ್ಕ:
ಸೀರಿಯಲ್ ಅಂದಕೂಡಲೇ ಇನ್ನೊಂದು ಜಾಗ್ರತೆ. ಆ ಕಾಲದ ಇನ್‌ಸ್ಟಾಲ್ ಪ್ರೋಗ್ರಾಂಗಳು ಸೀರಿಯಲ್ಲು, ಕೊಂಡವರ ಹೆಸರು, ಟರ್ಮಿನಲ್ಲಿನ ಕರ್ಸರ್ ಕೋಡು, ಎಲ್ಲವನ್ನೂ ಕಾಮ್ ಫೈಲಿನೊಳಗೇ (ಓಡುವ ಪ್ರೋಗ್ರಾಂ ಫೈಲ್) ಬರೆಯುತ್ತಿದ್ದವು. ಹಾಗಾಗಿ ಒಂದೇ ಆವೃತ್ತಿಯ ಎರಡು ಡಿಸ್ಕಿನ ಎಸ್‌ಎಚ್‌ಎ-256 (ಫೈಲಿನ ಬೈಟುಗಳಿಂದ ಲೆಕ್ಕ ಹಾಕುವ ಚೆಕ್‌ಸಮ್, ಬೆರಳಚ್ಚಿನ ಹಾಗೆ) ಹೊಂದುವುದಿಲ್ಲ. ಪತ್ರದ ಅನುಬಂಧಕ್ಕೆ ಚೆಕ್‌ಸಮ್ ಹಾಕುವ ಮೊದಲು ಎರಡು ಪ್ರತಿಗಳನ್ನು ಬೈಟಿಗೆ ಬೈಟು ಹೋಲಿಸಿ. ವ್ಯತ್ಯಾಸ ಒಂದೇ ಕಡೆ ಗುಂಪಾಗಿದ್ದರೆ ಅದು ಸಂರಚನೆಯ ಜಾಗ. ಹರಡಿಕೊಂಡಿದ್ದರೆ ಆವೃತ್ತಿಯೇ ಬೇರೆ, ಅಥವಾ ಓದುವಾಗ ತಪ್ಪಾಗಿದೆ.

ಪಠ್ಯದ ಫೈಲುಗಳಲ್ಲೂ ಇದೇ. ಸಿಪಿ/ಎಂ 2.2 ಫೈಲಿನ ಉದ್ದವನ್ನು 128 ಬೈಟಿನ ರೆಕಾರ್ಡ್ ಲೆಕ್ಕದಲ್ಲಿ ಇಡುತ್ತದೆ. ಪಠ್ಯ ಮುಗಿಯುವಲ್ಲಿ ಹೆಕ್ಸ್ 1ಎ, ಅದರಾಚೆ ಮೆಮರಿಯಲ್ಲಿ ಏನಿತ್ತೋ ಅದು. ಓದುವವರಿಗೆ ಒಂದೇ ಆಗಿ ಕಂಡ ಎರಡು ಫೈಲಿನ ಚೆಕ್‌ಸಮ್ ಬೇರೆ ಬರಬಹುದು, ಗಾಬರಿಯಾಗಬೇಡಿ.

ಅಳಿಸಿದ ಫೈಲುಗಳನ್ನೂ ನೋಡಿ. ಸಿಪಿ/ಎಂನಲ್ಲಿ ಅಳಿಸುವುದು ಅಂದರೆ ಡೈರೆಕ್ಟರಿ ನಮೂದಿನ ಮೊದಲ ಬೈಟನ್ನು ಇ5 ಮಾಡುವುದು, ಅಷ್ಟೆ. ಒಳಗಿನ ಮಾಹಿತಿ ಹಾಗೇ ಇರುತ್ತದೆ. ಡೇಟಾಬೇಸ್ ಡಿಸ್ಕ್ ಅಂದಮೇಲೆ ಯಾರದೋ ಗ್ರಾಹಕರ ಪಟ್ಟಿ, ಸಂಬಳದ ಲೆಕ್ಕ ಅಲ್ಲಿರಬಹುದು. ಪತ್ರ ಎಷ್ಟೇ ಚೆನ್ನಾಗಿದ್ದರೂ ಅದನ್ನು ಹಂಚುವ ಹಕ್ಕು ಯಾರೂ ಕೊಟ್ಟಿಲ್ಲ.

ಫ್ಲಕ್ಸ್‌ಮೇಷ್ಟ್ರು:
ಅಕ್ಕ ಹೇಳಿದ್ದಕ್ಕೆ ಪೂರಕವಾಗಿ: ಗ್ರೀಸ್‌ವೀಝಲ್‌ನಂಥ ಫ್ಲಾಪಿ ಓದುವ ಸಾಧನದಲ್ಲಿ ಟ್ರ್ಯಾಕಿಗೆ ಕನಿಷ್ಠ ಮೂರು ಸುತ್ತು ಓದಿ ಫ್ಲಕ್ಸ್ ಇಮೇಜ್ (ಡಿಸ್ಕಿನ ಕಚ್ಚಾ ಕಾಂತೀಯ ಸಂಕೇತ) ತೆಗೆದಿಡಿ, ಅದರಿಂದ ಸೆಕ್ಟರ್ ಇಮೇಜ್ ಮಾಡಿ. ಫ್ಲಕ್ಸ್ ಖಾಸಗಿ ಸಂಗ್ರಹಕ್ಕೆ, ಶುದ್ಧ ಮಾಡಿದ ಸೆಕ್ಟರ್ ಇಮೇಜ್ ಹಂಚಲಿಕ್ಕೆ. ರೈಟ್ ಪ್ರೊಟೆಕ್ಟ್ ಗಮನಿಸಿ: 5.25 ಇಂಚಿನಲ್ಲಿ ಕಚ್ಚು ಮುಚ್ಚಿದರೆ ಬರೆಯಲಾಗದು, 8 ಇಂಚಿನಲ್ಲಿ ಕಚ್ಚು ಮುಚ್ಚಿದರೆ ಬರೆಯಬಹುದು. ಒಂದರ ಅಭ್ಯಾಸ ಇನ್ನೊಂದಕ್ಕೆ ತಂದರೆ ಇರುವ ಒಂದೇ ಮಾಸ್ಟರ್ ಹೋಗುತ್ತದೆ.

ಸೋರ್ಸನ್ನು ಗಿಟ್‌ಗೆ (ಕೋಡಿನ ಬದಲಾವಣೆಗಳನ್ನು ಉಳಿಸುವ ವ್ಯವಸ್ಥೆ) ಹಾಕುವುದಾದರೆ ಇನ್ನೊಂದು. ಡಾಸ್ 4.00 ಸೋರ್ಸ್ 2024ರಲ್ಲಿ ಗಿಟ್‌ಹಬ್‌ಗೆ ಬಂದಾಗ ಫೈಲುಗಳ ಮೂಲ ತಾರೀಕುಗಳು ಉಳಿಯಲಿಲ್ಲ, ಕೆಲವು ಫೈಲುಗಳಲ್ಲಿ ಆಸ್ಕಿ ಅಲ್ಲದ ಬೈಟುಗಳು ಯುಟಿಎಫ್-8ಗೆ ಬದಲಾಗಿದ್ದವು. ಪೆಟ್ಟಿಗೆ ಎಳೆಯುವ ಅಡ್ಡಗೆರೆ ಹಳೇ ಕೋಡ್ ಪೇಜ್ 437ರಲ್ಲಿ ಸಿ4 ಅನ್ನುವ ಒಂದೇ ಬೈಟು, ಯುಟಿಎಫ್-8ರಲ್ಲಿ ಇ2 94 80 ಅಂತ ಮೂರು. ಸಾಲು ಮೂರು ಪಟ್ಟು ಉದ್ದವಾದರೆ ಹಳೇ ಅಸೆಂಬ್ಲರ್ ಮುಗ್ಗರಿಸುತ್ತದೆ. ಆದ್ದರಿಂದ ಮೊದಲು ಮೂಲ ಫೈಲುಗಳನ್ನು ತಾರೀಕು ಸಮೇತ ಒಂದು ಜಿಪ್ ಮಾಡಿ ಅದನ್ನೇ ಅಧಿಕೃತ ಪ್ರತಿ ಎಂದು ಇಡಿ. ಗಿಟ್ ನಕಲು ಓದುವ ಅನುಕೂಲಕ್ಕೆ, ಅಷ್ಟೇ. ಅದರಲ್ಲೂ ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಎಲ್ಲ ಫೈಲಿಗೂ ಪಠ್ಯ ಪರಿವರ್ತನೆ ನಿಲ್ಲಿಸಿ, ಮೊದಲ ಕಮಿಟ್‌ಗಿಂತ ಮುಂಚೆ. ಆಮೇಲೆ ಮಾಡಿದರೆ ಹಾಳಾದ ಬೈಟು ವಾಪಸ್ ಬರುವುದಿಲ್ಲ.

ಹಕ್ಕುಪತ್ರ:
ಎಂಐಟಿಗೆ ಒಪ್ಪದಿದ್ದರೆ ಕಳಿಸಲು ಕರಡು ಇಲ್ಲಿದೆ. ಅವರ ಭಾಷೆಗೆ ತಂದುಕೊಳ್ಳಿ:

"ಅನುಬಂಧ 1ರಲ್ಲಿ ಪಟ್ಟಿ ಮಾಡಿರುವ ಫೈಲುಗಳು ಮತ್ತು ಅವುಗಳ ಕೈಪಿಡಿಗಳಲ್ಲಿ ನಮಗಿರುವ ಎಲ್ಲ ಹಕ್ಕುಗಳ ಮಟ್ಟಿಗೆ, ಅವುಗಳ ಪ್ರತಿ ಪಡೆದ ಯಾವುದೇ ವ್ಯಕ್ತಿಗೆ, ಬಳಸಲು, ಪ್ರತಿ ಮಾಡಲು, ತಿದ್ದಲು, ಮೂಲವನ್ನಾಗಲಿ ತಿದ್ದಿದ್ದನ್ನಾಗಲಿ ಯಾವುದೇ ಮಾಧ್ಯಮದಲ್ಲಿ ಹಂಚಲು, ಜಗತ್ತಿನೆಲ್ಲೆಡೆ, ಶುಲ್ಕವಿಲ್ಲದ, ಶಾಶ್ವತವಾದ, ಹಿಂತೆಗೆದುಕೊಳ್ಳಲಾಗದ ಅನುಮತಿ ನೀಡಿದ್ದೇವೆ. ಈ ಸಾಫ್ಟ್‌ವೇರನ್ನೇ ಪ್ರತ್ಯೇಕ ಸರಕಾಗಿ ಮಾರುವಂತಿಲ್ಲ; ಯಂತ್ರ, ಕಿಟ್ ಅಥವಾ ಸಂಗ್ರಹದ ಜೊತೆ ಕೊಡುವುದು, ಪ್ರದರ್ಶಿಸುವುದು, ಮಾಧ್ಯಮದ ಖರ್ಚು ಪಡೆಯುವುದು ಮಾರಾಟವಲ್ಲ. ಕಾಪಿರೈಟ್ ಸೂಚನೆ ಮತ್ತು ಈ ಪತ್ರ ಪ್ರತಿಯೊಂದು ಪ್ರತಿಯ ಜೊತೆಗಿರಬೇಕು. ನಮ್ಮ ಟ್ರೇಡ್‌ಮಾರ್ಕುಗಳಿಗೆ ಈ ಅನುಮತಿ ಅನ್ವಯಿಸದು. ಸಾಫ್ಟ್‌ವೇರ್ ಇದ್ದಂತೆಯೇ ಕೊಟ್ಟಿದ್ದು, ಖಾತರಿ ಇಲ್ಲ, ನೆರವು ಕೊಡುವ ಹೊಣೆ ಇಲ್ಲ. ಹಕ್ಕುಗಳನ್ನು ನಮ್ಮಿಂದ ಮುಂದೆ ಪಡೆಯುವವರೂ ಇದಕ್ಕೆ ಬದ್ಧರು."

ಡಾಂಗಲ್ ವಾಕ್ಯವನ್ನು ಮೇಲಿನಿಂದ ತಂದು ಸೇರಿಸಿ. ಖಾತರಿ ಇಲ್ಲ, ನೆರವಿಲ್ಲ, ಟ್ರೇಡ್‌ಮಾರ್ಕ್ ಇಲ್ಲ ಅನ್ನುವ ಸಾಲುಗಳು ನಮಗೆ ಬೇಕಿಲ್ಲ, ಆದರೆ ಸಹಿ ಬೀಳುವುದು ಅವುಗಳಿಂದಲೇ.

ಟೇಪ್‌ಸುರುಳಿ:
ಸಹಿ ಯಾರದ್ದು ಇರಬೇಕು? ಇಮೇಲ್ ಕಳಿಸಿದವರದ್ದೇ ಸಾಕಾ?

ಬೂಟ್‌ಸೆಕ್ಟರ್:
ಸಂಸ್ಥೆಯ ಪರವಾಗಿ ಸಹಿ ಹಾಕುವ ಅಧಿಕಾರ ಇರುವವರದ್ದು: ನಿರ್ದೇಶಕರು ಅಥವಾ ಅವರು ಅಧಿಕಾರ ಕೊಟ್ಟವರು. ಹುದ್ದೆ, ತಾರೀಕು ಪತ್ರದ ಮೇಲಿರಲಿ. ಗ್ರಾಹಕ ಸೇವೆಯವರ "ಆಗಲಿ ಸರ್" ಇಮೇಲ್ ಲೆಕ್ಕಕ್ಕಿಲ್ಲ. ಸಹಿಯಾದ ಪಿಡಿಎಫ್ ಜೊತೆ, ಅದು ಬಂದ ಇಮೇಲನ್ನೂ ಪೂರ್ತಿ ಹೆಡರ್ ಸಮೇತ ಉಳಿಸಿ. ಪ್ರಕಟಿಸುವ ಪ್ರತಿಯಲ್ಲಿ ಖಾಸಗಿ ಫೋನ್ ನಂಬರ್, ವಿಳಾಸ ಮುಚ್ಚಿ.

ಎಂಟುಬಿಟ್ಟು:
ಕ್ರಮ ಹೀಗೆ ಅಂದುಕೊಂಡಿದ್ದೇನೆ: ಮೊದಲು ಆಸ್ತಿಪಟ್ಟಿ ಪುಟ, ಆಮೇಲೆ ಎಂಐಟಿ ಕೇಳುವುದು, ಒಪ್ಪದಿದ್ದರೆ ಈ ಕರಡು. ಅನುಬಂಧವನ್ನು ಸಹಿಯಾದ ಮೇಲೆ ಕಳಿಸಿದರೆ ನಡೆಯುತ್ತಾ? ಎರಡನೇ ಡಿಸ್ಕ್ ಇನ್ನೂ ಓದಿಲ್ಲ.

ಅಸೆಂಬ್ಲರ್ ಅಕ್ಕ:
ಬೇಡ. ಸಹಿಯಾದ ಮೇಲೆ ಸೇರಿಸಿದ ಪಟ್ಟಿ ಸಹಿಯ ಒಳಗೆ ಬರುವುದಿಲ್ಲ. ಎರಡೂ ಡಿಸ್ಕ್ ಓದಿ ಮುಗಿಸಿ, ಫೈಲ್ ಹೆಸರು, ಗಾತ್ರ, ಎಸ್‌ಎಚ್‌ಎ-256 ಇರುವ ಪಟ್ಟಿ ತಯಾರಿಸಿ, ಅದನ್ನು ಪತ್ರದ ಎರಡನೇ ಪುಟವಾಗಿ ಹಾಕಿ ಕಳಿಸಿ. ಪಟ್ಟಿಯ ಕೊನೆಗೆ "ಮತ್ತು ಇದೇ ಉತ್ಪನ್ನದ 1983ರಿಂದ ಪ್ರಕಟವಾದ ಇತರ ಎಲ್ಲ ಆವೃತ್ತಿಗಳು, ಸೋರ್ಸ್ ಸಿಕ್ಕಿದಲ್ಲಿ ಅದೂ ಸೇರಿದಂತೆ" ಅಂತ ಒಂದು ಸಾಲು ಇರಲಿ. ಉಳಿದರ್ಧ ಸೋರ್ಸ್ ಎಲ್ಲಾದರೂ ಸಿಕ್ಕರೆ ಮತ್ತೊಂದು ಪತ್ರ ಬೇಕಾಗುವುದಿಲ್ಲ.